ಕರಗುವ ಬೇರು: ಕಾರಣ ಸಿಗದಾಗ ಚಿಕಿತ್ಸೆ ಹೇಗೆ?



ಉದುರಿದ ಹಾಲುಹಲ್ಲನ್ನು ತಿರುಗಿಸಿ ನೋಡಿ. ಅದಕ್ಕೆ ಬೇರೇ ಇರುವುದಿಲ್ಲ. ಓಡಾಂಟೊಕ್ಲಾಸ್ಟ್ ಎಂಬ ಕೋಶಗಳು ಅದನ್ನು ಕರಗಿಸಿರುತ್ತವೆ. ಶಾಶ್ವತ ಹಲ್ಲಿನ ಬೇರಿನ ತಂಟೆಗೆ ಅವು ಸಾಮಾನ್ಯವಾಗಿ ಬರುವುದಿಲ್ಲ. ಹೊರಗೆ ಸಿಮೆಂಟಮ್, ಒಳಗೆ ಡೆಂಟಿನ್. ಎರಡರ ಮೇಲೂ ಇನ್ನೂ ಗಟ್ಟಿಯಾಗದ ತೆಳುಪದರವೊಂದು ಕಾವಲಿರುತ್ತದೆ. ಆ ಕಾವಲು ತಪ್ಪಿದ ಕಡೆ ಬೇರು ಕರಗತೊಡಗುತ್ತದೆ. ನೋವಿಲ್ಲ, ಬಾವಿಲ್ಲ, ಬೇರೆ ಯಾವುದಕ್ಕೋ ತೆಗೆಸಿದ ಎಕ್ಸ್‌ರೇಯಲ್ಲಿ ಅದು ಕಣ್ಣಿಗೆ ಬೀಳುತ್ತದೆ.

ಕೇಸ್ ಶೀಟಿನಲ್ಲಿ ‘ಕಾರಣ ತಿಳಿಯದು’ ಎಂದು ಬರೆಯುವ ಮುನ್ನ ರೋಗಿಯನ್ನು ಬಿಡಿಸಿ ಕೇಳಬೇಕು. ಚಿಕ್ಕಂದಿನಲ್ಲಿ ಬಿದ್ದು ಹಲ್ಲಿಗೆ ಪೆಟ್ಟಾಗಿತ್ತೆ? ಹಲ್ಲಿಗೆ ಕ್ಲಿಪ್ ಹಾಕಿಸಿದ್ದರೆ? ರೂಟ್ ಕೆನಾಲ್ ಆದ ಹಲ್ಲಿಗೆ ಒಳಗಿನಿಂದ ಬ್ಲೀಚ್ ಮಾಡಿಸಿದ್ದರೆ? ಆಸ್ಟ್ರೇಲಿಯಾದ ಅಡಿಲೇಡಿನ ಜೆಫ್ರಿ ಹೈದರ್ಸೇ 1999ರಲ್ಲಿ 222 ರೋಗಿಗಳ 257 ಹಲ್ಲುಗಳ ಇತಿಹಾಸ ಕೆದಕಿದರು. ಹಲ್ಲಿನ ಕೊರಳಲ್ಲಿ ಶುರುವಾಗುವ ಕರಗುವಿಕೆಯ ಹಿಂದೆ ಒಂಟಿ ಕಾರಣವಾಗಿ ಹೆಚ್ಚು ಕಂಡದ್ದು ಕ್ಲಿಪ್ ಚಿಕಿತ್ಸೆ. ಕೆಲವರಲ್ಲಿ ಯಾವ ಕಾರಣವೂ ಸಿಗಲಿಲ್ಲ.

ಕಾರಣ ಸಿಗದಿದ್ದರೆ ಕೈಚೆಲ್ಲಬೇಕಿಲ್ಲ ಎಂಬುದೇ ನನ್ನ ಇಂದಿನ ಮಾತು. ಚಿಕಿತ್ಸೆಯನ್ನು ನಿರ್ಧರಿಸುವುದು ಬೇರೆ ಮೂರು ಪ್ರಶ್ನೆಗಳು: ಕರಗುತ್ತಿರುವುದು ಒಳಗಿನಿಂದಲೋ ಹೊರಗಿನಿಂದಲೋ? ಹಲ್ಲಿನ ತಿರುಳು ಜೀವಂತವಾಗಿದೆಯೋ ಇಲ್ಲವೋ? ಎಷ್ಟು ದೂರ ಹಬ್ಬಿದೆ?

ಹಲ್ಲಿನ ಮೇಲೆ ಗುಲಾಬಿ ಚುಕ್ಕೆ ಕಂಡರೆ ಒಳಗಿನದೇ ಎಂದು ಷರಾ ಬರೆಯುವುದು ಹಳೆಯ ರೂಢಿ. ಕೊರಳಿನ ಕರಗುವಿಕೆಯಲ್ಲೂ ಅದೇ ಚುಕ್ಕೆ ಕಾಣುತ್ತದೆ. ಆಗ ಪ್ರೋಬ್ ಆಡಿಸಿ ನೋಡಿ. ಹುಳುಕಾದರೆ ತಳ ಮೆತ್ತಗಿದ್ದು ಮೊನೆ ಕಚ್ಚಿಕೊಳ್ಳುತ್ತದೆ. ಇಲ್ಲಿ ತಳ ಗಟ್ಟಿ. ಕರಕರ ಸದ್ದು ಬರುತ್ತದೆ, ರಕ್ತ ಜಿನುಗುತ್ತದೆ. ಕೋಲ್ಡ್ ಟೆಸ್ಟ್ ಮಾಡಿದರೆ ತಿರುಳು ಬಹುತೇಕ ಜೀವಂತವೇ ಇರುತ್ತದೆ. ಬಳಿಕ ಎಕ್ಸ್‌ರೇ ಟ್ಯೂಬನ್ನು ತುಸು ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆಯಿರಿ. ಒಳಗಿನದಾದರೆ ಕಲೆ ಬೇರಿನ ಕಾಲುವೆಯನ್ನು ಬಿಟ್ಟು ಹೋಗುವುದಿಲ್ಲ. ಹೊರಗಿನದಾದರೆ ಕಲೆ ಪಕ್ಕಕ್ಕೆ ಸರಿಯುತ್ತದೆ, ಕಾಲುವೆಯ ಗೆರೆಗಳು ಅದರ ನಡುವೆಯೂ ಕಾಣುತ್ತವೆ. ಎಷ್ಟು ಆಳ, ಎಷ್ಟು ಸುತ್ತು ಎಂಬುದನ್ನು ಸಿಬಿಸಿಟಿ ಸ್ಕ್ಯಾನ್ ಸ್ಪಷ್ಟಪಡಿಸುತ್ತದೆ.

ಒಳಗಿನ ಕರಗುವಿಕೆ ನಡೆಯುವುದು ಜೀವಂತ ತಿರುಳಿನ ಬಲದಿಂದ. ರೂಟ್ ಕೆನಾಲ್ ಮಾಡಿ ತಿರುಳು ತೆಗೆದರೆ ಅದು ನಿಲ್ಲುತ್ತದೆ. ಪೆಟ್ಟಿನಿಂದ ತಿರುಳು ಸತ್ತು, ಸೋಂಕಿನಿಂದ ಹೊರಮೈ ಕರಗುತ್ತಿದ್ದರೂ ಮದ್ದು ರೂಟ್ ಕೆನಾಲೇ. ಕೊರಳಿನದಕ್ಕೆ ದಾರಿ ಬೇರೆ: ಒಸಡು ಸರಿಸಿ, ಒಳಹೊಕ್ಕ ಅಂಗಾಂಶವನ್ನು ಪೂರ್ತಿ ತೆಗೆದು, ಗುಂಡಿ ತುಂಬಬೇಕು. 90 ಪ್ರತಿಶತ ಟ್ರೈಕ್ಲೋರೋಅಸಿಟಿಕ್ ಆಮ್ಲ ಬಳಸಿ ಹೈದರ್ಸೇ ಆ ಅಂಗಾಂಶ ತೆಗೆದು ಗುಂಡಿ ತುಂಬಿದಾಗ, ಹಬ್ಬಿದ ಪ್ರಮಾಣದ ಮೇಲೆ ಅವರೇ ಗುರುತಿಸಿದ ನಾಲ್ಕು ಹಂತಗಳ ಪೈಕಿ ಮೊದಲೆರಡರಲ್ಲಿ ಪೂರ್ಣ ಯಶಸ್ಸು ಸಿಕ್ಕಿತು, ಮೂರನೆಯದರಲ್ಲಿ 77.8 ಪ್ರತಿಶತ, ನಾಲ್ಕನೆಯದರಲ್ಲಿ ಬರೀ 12.5. ತಡವಾದಷ್ಟೂ ನಷ್ಟ.

ಇನ್ನೊಂದು ಬಗೆಯಲ್ಲಿ ಬೇರಿನ ಜಾಗಕ್ಕೆ ಮೂಳೆಯೇ ಬಂದು ಕೂರುತ್ತದೆ. ತಟ್ಟಿದರೆ ಲೋಹದಂತೆ ಟಣ್ಣೆನ್ನುತ್ತದೆ. ಅದನ್ನು ನಿಲ್ಲಿಸುವ ಚಿಕಿತ್ಸೆ ಇಲ್ಲ. ವಯಸ್ಕರಲ್ಲಿ ಅಂಥ ಹಲ್ಲು ವರ್ಷಗಟ್ಟಲೆ ಕೆಲಸ ಮಾಡಬಲ್ಲದು. ಕೀಳುವ ಆತುರ ಬೇಡ. ಬೆಳೆಯುವ ಮಕ್ಕಳಲ್ಲಿ ಮಾತ್ರ ದವಡೆ ಬೆಳೆದಂತೆ ಹಲ್ಲು ಕೆಳಗುಳಿಯುತ್ತದೆ. ಆಗ ಹಲ್ಲಿನ ಮೇಲ್ಭಾಗ ತೆಗೆದು, ಬೇರನ್ನು ಮೂಳೆಯಲ್ಲೇ ಬಿಡುವ ಶಸ್ತ್ರಕ್ರಿಯೆಯನ್ನು ಯೋಚಿಸಬೇಕಾಗುತ್ತದೆ.

ವಿದ್ಯಾರ್ಥಿಗಳೆ, ಒಂದು ಹಲ್ಲಿನಲ್ಲಿ ಕಂಡರೆ ಉಳಿದವನ್ನೂ ಪರೀಕ್ಷಿಸಿ. ಕೈ ಹಾಕದೆ ಕಾಯುವುದಾದರೆ ಮುಂದಿನ ಎಕ್ಸ್‌ರೇಯ ತಾರೀಕನ್ನು ಅಂದೇ ಬರೆದುಕೊಡಿ. ತಾರೀಕಿಲ್ಲದೆ ಕಾಯುವುದು ಚಿಕಿತ್ಸೆಯಲ್ಲ, ಉದಾಸೀನ.