ಹೆಸರಿನೊಳಗಿನ ನಗು, ಅಳು
(ಅಮ್ಮಸಂದ್ರದಲ್ಲಿ ಮಾಡಿದ ಭಾಷಣ)

ಮಕ್ಕಳು ಉಳಿಯದ ಮನೆಯಲ್ಲಿ ಕೂಸು ಹುಟ್ಟಿದರೆ ನಮ್ಮ ಹಿರಿಯರು ತಿಪ್ಪಯ್ಯ ಎಂದು ಹೆಸರಿಡುತ್ತಿದ್ದರು. ತಿಪ್ಪೆಯ ಕೂಸಿನ ಮೇಲೆ ಸಾವು ಕಣ್ಣು ಹಾಕದೆಂಬ ನಂಬಿಕೆ. ಆ ಹೆಸರಿನಲ್ಲಿ ತಾಯಿಯ ಅಂಜಿಕೆ ಅಡಗಿದೆ.

ಬೈಬಲಿನ ಹೀಬ್ರೂ ಹೆಸರುಗಳೂ ಹೀಗೆಯೇ. ಮುಪ್ಪಿನಲ್ಲಿ ಮಗ ಹುಟ್ಟುವನೆಂದು ಕೇಳಿ ಸಾರಳು ನಕ್ಕಳು. ಮಗನ ಹೆಸರು ಇಸಾಕ, ಎಂದರೆ 'ನಗುತ್ತಾನೆ'. ಹೆರಿಗೆಯಲ್ಲಿ ಸಾಯುತ್ತಿದ್ದ ರಾಹೇಲಳು ಮಗನನ್ನು ಬೆನೋನಿ, 'ನನ್ನ ದುಃಖದ ಮಗ' ಎಂದಳು. ತಂದೆ ಯಾಕೋಬ ಅದನ್ನು ಬದಲಿಸಿ ಬೆನ್ಯಾಮೀನ, 'ಬಲಗೈಯ ಮಗ' ಎಂದು ಕರೆದ.

1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು; ಬಳ್ಳಾರಿಯ ಮಿಷನರಿಗಳಾದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಅದಕ್ಕೆ ದುಡಿದವರು. ಕನ್ನಡದಲ್ಲಿ ಹೆಸರುಗಳ ಉಲಿ ಉಳಿಯಿತು, ಅರ್ಥ ಮರೆಯಾಯಿತು. ತಪ್ಪೇನಲ್ಲ. ತಿಪ್ಪಯ್ಯನ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ ಕೂಗಿದರೆ ಅವನು ಓಗೊಡುವನೇ? ಆದರೆ ಓದಿ ಹೇಳುವವರು ಅರ್ಥವನ್ನೂ ಹೇಳಬೇಕು. ಇಲ್ಲವಾದರೆ ಸಾರಳ ನಗು, ರಾಹೇಲಳ ಅಳು ನಮಗೆ ಕೇಳಿಸದು.