ಕಂಡವರು, ಅರಿತವರು: ಗ್ರಹಗಳ ಶೋಧದಲ್ಲಿ ಸಿಡ್ನಿ ಮತ್ತು ಮೆಲ್ಬರ್ನ್



ಯಾವ ಗ್ರಹವನ್ನು ಯಾರು, ಯಾವಾಗ ಕಂಡುಹಿಡಿದರು ಎಂದು ರಸಪ್ರಶ್ನೆಯಲ್ಲಿ ಕೇಳಿದರೆ ನಮ್ಮ ಮಕ್ಕಳು ಥಟ್ಟನೆ ಉತ್ತರ ಹೇಳುತ್ತಾರೆ. ಯುರೇನಸ್, ವಿಲಿಯಂ ಹರ್ಷೆಲ್, 1781. ನೆಪ್ಚೂನ್, ಯೊಹಾನ್ ಗಾಲೆ, 1846. ಬುಧ, ಶುಕ್ರ, ಮಂಗಳ, ಗುರು, ಶನಿಗೆ ಮಾತ್ರ ಹೆಸರೂ ಇಲ್ಲ, ಇಸವಿಯೂ ಇಲ್ಲ. ನಾನು ಹೇಳಹೊರಟಿರುವುದು ಇಷ್ಟೇ: ಗ್ರಹವೊಂದು ಕಣ್ಣಿಗೆ ಬೀಳುವುದಕ್ಕೂ ಅದು ಗ್ರಹವೆಂದು ಗೊತ್ತಾಗುವುದಕ್ಕೂ ನಡುವೆ ಕೆಲವೊಮ್ಮೆ ಶತಮಾನಗಳೇ ಕಳೆದಿವೆ. ಆ ಚರಿತ್ರೆಯ ಕೆಲವು ಮುಖ್ಯ ಪುಟಗಳು ನಾವು ಕನ್ನಡಿಗರು ಬಾಳುತ್ತಿರುವ ಈ ಆಸ್ಟ್ರೇಲಿಯಾದಲ್ಲಿವೆ.

ಬರಿಗಣ್ಣಿಗೆ ಕಾಣುವ ಐದು ಗ್ರಹಗಳನ್ನು ಕಂಡುಹಿಡಿದವರು, ಒಂದು ಚುಕ್ಕಿ ಮಿಕ್ಕವುಗಳ ನಡುವೆ ಜಾಗ ಬದಲಿಸುವುದನ್ನು ಇರುಳಿರುಳೂ ಗಮನಿಸಿದ ಜನ. ನಮ್ಮ ಹಿರಿಯರು ಗುರು, ಶುಕ್ರರ ಅಸ್ತದ ದಿನಗಳನ್ನು ಬಿಟ್ಟು ಮದುವೆಯ ಮುಹೂರ್ತ ಇಡುತ್ತಿದ್ದರು. ಶನಿಯ ಸಾಡೇಸಾತಿ ಏಳೂವರೆ ವರ್ಷ ಎನ್ನುವಾಗ ಅದರ ಹಿಂದೆ ಒಂದು ಗಣಿತವಿದೆ: ಶನಿ ಸೂರ್ಯನನ್ನು ಸುತ್ತಲು ಸುಮಾರು 29.5 ವರ್ಷ ಬೇಕು, ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಸುಮಾರು ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಫಲಜ್ಯೋತಿಷ್ಯವನ್ನು ನಾನು ನಂಬುವುದಿಲ್ಲ. ಆದರೆ ಆ ಲೆಕ್ಕದ ಹಿಂದಿರುವ ತಲೆಮಾರುಗಳ ತಾಳ್ಮೆಗೆ ಕೈಮುಗಿಯುತ್ತೇನೆ.

ಅಂಥದೇ ತಾಳ್ಮೆ ಇಲ್ಲಿಯೂ ಇತ್ತು. 1857ರಲ್ಲಿ ವಿಲಿಯಂ ಸ್ಟ್ಯಾನ್‌ಬ್ರಿಜ್ ಎಂಬಾತ ಮೆಲ್ಬರ್ನ್‌ನ ವಿದ್ವತ್ ಸಭೆಯೊಂದರಲ್ಲಿ ಪ್ರಬಂಧ ಓದಿದ. ವಿಕ್ಟೋರಿಯಾದ ವಾಯವ್ಯ ಮೂಲೆಯ ಟಿರೆಲ್ ಸರೋವರದ ಬಳಿ ಬಾಳಿದ ಮೂಲನಿವಾಸಿ ಬೂರಾಂಗ್ ಜನರಿಂದ ಕೇಳಿ ಬರೆದುಕೊಂಡ ನಕ್ಷತ್ರ ವಿದ್ಯೆ ಅದರಲ್ಲಿತ್ತು. ಅವರ ಪ್ರಕಾರ ಶುಕ್ರ ಹೆಣ್ಣು, ಸೂರ್ಯನ ಸೋದರಿ, ಗುರುವಿನ ಹೆಂಡತಿ. ದೂರದರ್ಶಕವಿಲ್ಲದೆ, ಲಿಪಿಯಿಲ್ಲದೆ ಈ ಎರಡು ಗ್ರಹಗಳನ್ನು ಗುರುತಿಟ್ಟು, ಹೆಸರಿಟ್ಟು, ಸಂಬಂಧ ಕಲ್ಪಿಸಿ ಮಕ್ಕಳಿಗೆ ದಾಟಿಸಿದ ಜನರನ್ನು ಶೋಧಕರ ಪಟ್ಟಿಯಿಂದ ಹೊರಗಿಡುವುದು ನ್ಯಾಯವಲ್ಲ.

ದೂರದರ್ಶಕ ಬಂದ ಮೇಲೂ ಕಂಡದ್ದನ್ನೆಲ್ಲ ಅರಿಯಲಾಗಲಿಲ್ಲ. ಯುರೇನಸ್ಸನ್ನು ಇಂಗ್ಲೆಂಡಿನ ಖಗೋಳಜ್ಞ ಜಾನ್ ಫ್ಲ್ಯಾಮ್‌ಸ್ಟೀಡ್ 1690ರಲ್ಲೇ ನೋಡಿ ವೃಷಭ ರಾಶಿಯ ನಕ್ಷತ್ರವೆಂದು ಬರೆದಿಟ್ಟ. 1781ರ ಮಾರ್ಚ್ 13ರಂದು ಬಾತ್ ಪಟ್ಟಣದ ತನ್ನ ಮನೆಯಂಗಳದಿಂದ ಅದನ್ನು ಕಂಡ ಹರ್ಷೆಲ್ ಕೂಡ ಧೂಮಕೇತು ಎಂದೇ ವರದಿ ಮಾಡಿದ. ಲೆಕ್ಸೆಲ್ ಮೊದಲಾದ ಗಣಿತಜ್ಞರು ಕಕ್ಷೆಯ ಲೆಕ್ಕ ಹಾಕಿದ ಮೇಲೆ ಅದು ಗ್ರಹವೆಂದು ಖಚಿತವಾಯಿತು.

ಯುರೇನಸ್ ಲೆಕ್ಕದ ಹಾದಿ ಬಿಟ್ಟು ಸರಿಯತೊಡಗಿದಾಗ, ಅದನ್ನು ಎಳೆಯುವ ಇನ್ನೊಂದು ಗ್ರಹವಿರಬೇಕೆಂದು ಪ್ಯಾರಿಸ್ಸಿನ ಗಣಿತಜ್ಞ ಲವೆರಿಯೆ ಕಾಗದದ ಮೇಲೆ ಲೆಕ್ಕ ಹಾಕಿದ. ಅವನ ಪತ್ರ ಕೈಸೇರಿದ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ಬರ್ಲಿನ್ನಿನಲ್ಲಿ ಖಗೋಳಜ್ಞರಾದ ಗಾಲೆ ಮತ್ತು ಡಾರೆಸ್ಟ್ ನೆಪ್ಚೂನನ್ನು ಕಂಡರು. ಹೇಳಿದ ಜಾಗದಿಂದ ಒಂದು ಡಿಗ್ರಿಯೂ ದೂರವಿರಲಿಲ್ಲ. ಆದರೆ ಅದಕ್ಕೆ 230 ವರ್ಷಗಳಿಗೂ ಹಿಂದೆ, 1612ರ ಡಿಸೆಂಬರ್ ಮತ್ತು 1613ರ ಜನವರಿಯಲ್ಲಿ, ಗುರುವಿನ ಉಪಗ್ರಹಗಳನ್ನು ಗುರುತಿಸುತ್ತಿದ್ದ ಗೆಲಿಲಿಯೊನ ಟಿಪ್ಪಣಿ ಪುಸ್ತಕದಲ್ಲಿ ನೆಪ್ಚೂನ್ ಚುಕ್ಕಿಯಾಗಿ ಕುಳಿತಿತ್ತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಡೇವಿಡ್ ಜೇಮೀಸನ್ 2009ರಲ್ಲಿ ಆ ಪುಟಗಳನ್ನು ಮತ್ತೆ ತೆರೆದರು. 1613ರ ಜನವರಿ 28ರ ಟಿಪ್ಪಣಿಯಲ್ಲಿ, ಪಕ್ಕದ ನಕ್ಷತ್ರಕ್ಕೆ ಹೋಲಿಸಿದರೆ ಆ ಚುಕ್ಕಿ ಹಿಂದಿನ ರಾತ್ರಿ ಇದ್ದ ಜಾಗದಿಂದ ಸರಿದಂತಿದೆ ಎಂಬ ಭಾವದ ಮಾತು ಇದೆ. ಹಾಗಾದರೆ ತಾನು ಹೊಸ ಗ್ರಹ ಕಂಡೆನೆಂಬ ಅನುಮಾನ ಗೆಲಿಲಿಯೊನಿಗೆ ಬಂದಿತ್ತು ಎಂಬುದು ಜೇಮೀಸನ್ ಅವರ ವಾದ. ಚಲನೆ ಅವನ ಕಣ್ಣಿಗೆ ಬಿದ್ದಿತ್ತು ಎಂಬಷ್ಟನ್ನು ನಾನೂ ಒಪ್ಪುತ್ತೇನೆ. ಆದರೆ ಬೆನ್ನುಹತ್ತಿ ಹೋಗದ ಅನುಮಾನವನ್ನು ಶೋಧವೆನ್ನಲು ನನಗೆ ಮನಸ್ಸು ಬರುವುದಿಲ್ಲ. ನೆಪ್ಚೂನಿನ ಶ್ರೇಯ ಲವೆರಿಯೆಯ ಗಣಿತಕ್ಕೆ, ಗಾಲೆಯ ಕಣ್ಣಿಗೆ ಸಲ್ಲಬೇಕು.

ಗ್ರಹಗಳನ್ನು ಕಂಡು ಗುರುತಿಸಿದ ಮೇಲೆ, ಅವು ಎಷ್ಟು ದೂರದಲ್ಲಿವೆ ಎಂದು ತಿಳಿಯುವ ಕೆಲಸದಲ್ಲಿ ಈ ನಾಡಿನ ಪಾಲು ದೊಡ್ಡದು. ಗ್ರಹಚಲನೆಯ ಕುರಿತ ಕೆಪ್ಲರನ ನಿಯಮದಿಂದ ದೂರಗಳ ಅನುಪಾತವಷ್ಟೇ ಸಿಗುತ್ತಿತ್ತು. ಒಂದೇ ಒಂದು ದೂರ ಮೈಲಿಗಳಲ್ಲಿ ಗೊತ್ತಾದರೆ ಎಲ್ಲವೂ ಗೊತ್ತಾಗುತ್ತಿತ್ತು. ಶುಕ್ರ ಸೂರ್ಯಬಿಂಬವನ್ನು ಹಾಯುವಾಗ ಉತ್ತರ ಗೋಳದವರೂ ದಕ್ಷಿಣ ಗೋಳದವರೂ ಹೊತ್ತು ಗುರುತಿಟ್ಟು ಹೋಲಿಸಿದರೆ ಸೂರ್ಯನ ದೂರ ಸಿಗುತ್ತದೆ ಎಂದು ಖಗೋಳಜ್ಞ ಹ್ಯಾಲಿ ತೋರಿಸಿಕೊಟ್ಟಿದ್ದ. ಈ ಸಂಕ್ರಮಣ ನೋಡಲೆಂದೇ ಬ್ರಿಟಿಷ್ ನಾವಿಕ ಕುಕ್ 1769ರಲ್ಲಿ ತಾಹಿತಿಗೆ ಬಂದ, ಅಲ್ಲಿಂದ ಮುಂದೆ ಸಾಗಿ 1770ರ ಏಪ್ರಿಲ್‌ನಲ್ಲಿ ಬಾಟನಿ ಕೊಲ್ಲಿ ಮುಟ್ಟಿದ. ಈ ನೆಲದ ಮೂಲನಿವಾಸಿಗಳ ಬದುಕನ್ನು ಮುರಿದ ವಸಾಹತಿನ ಹಾದಿಯೂ ಅದೇ ಹಡಗಿನಿಂದ ತೆರೆಯಿತು. ವಿಜ್ಞಾನದ ಅಭಿಮಾನದಲ್ಲಿ ಅದನ್ನು ಮರೆಯಬಾರದು.

ಮುಂದಿನ ಸಂಕ್ರಮಣ 1874ರ ಡಿಸೆಂಬರ್ 9ರಂದು. ದಕ್ಷಿಣ ಗೋಳದ ಕಣ್ಣಾಗಿ ಈ ಬಾರಿ ಸಿಡ್ನಿ, ಮೆಲ್ಬರ್ನ್ ಸಜ್ಜಾಗಿದ್ದವು. 1858ರಲ್ಲಿ ಕೆಲಸ ಆರಂಭಿಸಿದ ಸಿಡ್ನಿ ವೀಕ್ಷಣಾಲಯದ ಮುಖ್ಯಸ್ಥ ಹೆನ್ರಿ ರಸೆಲ್ 29 ಸೆಂಟಿಮೀಟರ್ ಮಸೂರದ ಹೊಸ ದೂರದರ್ಶಕ ತರಿಸಿದ. ಒಂದೇ ಕಡೆ ಮೋಡ ಕವಿದರೆ ಎಲ್ಲ ಕೆಟ್ಟಂತೆ ಎಂದು ವುಡ್‌ಫರ್ಡ್, ಗೋಲ್ಬರ್ನ್, ಈಡನ್‌ಗಳಿಗೂ ತಂಡ ಕಳುಹಿಸಿದ. ಮೆಲ್ಬರ್ನ್‌ನಲ್ಲಿ ಅಲ್ಲಿನ ವೀಕ್ಷಣಾಲಯದ ರಾಬರ್ಟ್ ಎಲರಿ ಸಿದ್ಧನಾಗಿದ್ದ. ವಿಂಡ್ಸರ್ ಊರಿನ ತನ್ನ ಜಮೀನಿನಲ್ಲೇ ವೀಕ್ಷಣಾಲಯ ಕಟ್ಟಿಕೊಂಡಿದ್ದ ಜಾನ್ ಟೆಬಟ್ ತನ್ನಷ್ಟಕ್ಕೆ ತಾನು ನೋಡಿದ. ಆದರೆ ಶುಕ್ರ ಸೂರ್ಯನ ಅಂಚಿನಿಂದ ಬಿಡಿಸಿಕೊಳ್ಳುವ ಕ್ಷಣದಲ್ಲಿ ಎರಡರ ನಡುವೆ ಕಪ್ಪು ಹನಿಯೊಂದು ಅಂಟಿದಂತೆ ಕಾಣುತ್ತದೆ. ಪಕ್ಕಪಕ್ಕದಲ್ಲಿ ನಿಂತವರೂ ಬೇರೆ ಬೇರೆ ಹೊತ್ತು ಬರೆದರು. ಬಯಸಿದಷ್ಟು ನಿಖರತೆ ಸಿಗಲಿಲ್ಲ. ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರ್ ಎಂಬುದು ಮುಂದೆ ಬೇರೆ ವಿಧಾನಗಳಿಂದ, ಕೊನೆಗೆ ರೇಡಾರ್‌ನಿಂದ ಖಚಿತವಾಯಿತು. ಆದರೂ ಅಂದು ಬಿಸಿಲಲ್ಲಿ ನಿಂತು ಹೊತ್ತು ಬರೆದವರ ಶ್ರಮ ವ್ಯರ್ಥವೆಂದು ನಾನು ಹೇಳಲಾರೆ.

ಅದೇ ಸಂಕ್ರಮಣಕ್ಕಾಗಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಒಂದು ಕಿರುಹೊತ್ತಗೆ ಬರೆದರು. ಅವರು ಇರುಳಿರುಳೂ ನಕ್ಷತ್ರಗಳ ಸ್ಥಾನ ಅಳೆಯುವ ನೌಕರ, ಆರ್ ರೆಟಿಕ್ಯುಲೈ ಎಂಬ ದಕ್ಷಿಣಾಕಾಶದ, ಹೊಳಪು ಬದಲಿಸುವ ಚಂಚಲ ನಕ್ಷತ್ರವನ್ನು ಕಂಡುಹಿಡಿದವರು. ಪಂಚಾಂಗ ಬಲ್ಲ ಜನ ಈ ಘಟನೆಯನ್ನು ತಮ್ಮ ಮಾತಿನಲ್ಲೇ ತಿಳಿಯಲಿ ಎಂಬುದು ಅವರ ಆಸೆ. ಅದು ಇಂಗ್ಲಿಷಿನಲ್ಲಷ್ಟೇ ಉಳಿಯದೆ ದೇಶಭಾಷೆಗಳಿಗೂ ಬಂತು. ಕನ್ನಡವೂ ಅವುಗಳಲ್ಲಿ ಒಂದು.

ಅವರು ಮಾಡಿದಂಥ ಕೆಲಸ ಈ ನಾಡಿನಲ್ಲಿ ನಮ್ಮಿಂದಲೂ ಆಗಬೇಕಿದೆ. ಇಲ್ಲಿ ಗ್ರಹಗಳ ಹಾದಿ ಉತ್ತರಕ್ಕೆ ವಾಲುತ್ತದೆ, ಚಂದ್ರ ತಲೆಕೆಳಗಾಗಿ ಕಾಣುತ್ತಾನೆ, ಊರಿನಲ್ಲಿ ಕಲಿತ ನಕ್ಷತ್ರಪಟ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗಾಗಿ ದಕ್ಷಿಣಾಕಾಶದ ಒಂದು ಕನ್ನಡ ಕೈಪಿಡಿ ಬೇಕು. ಅದರಲ್ಲಿ ನಮ್ಮ ಪಂಚಾಂಗದ ಹೆಸರುಗಳ ಜೊತೆ ಬೂರಾಂಗ್ ಜನರ ಹೆಸರುಗಳೂ ಇರಲಿ. ಖಗೋಳ ಬಲ್ಲವರು ನಮ್ಮಲ್ಲಿದ್ದಾರೆ, ಕನ್ನಡ ಬರೆಯಬಲ್ಲವರೂ ಇದ್ದಾರೆ. ಇಬ್ಬರೂ ಈ ಸಭೆಯಿಂದಲೇ ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.