ಊರಾಚೆಯ ಕತ್ತಲು

ಚಿತ್ರದುರ್ಗದಂಥ ಊರಿನಲ್ಲಿ ನಕ್ಷತ್ರ ನೋಡುವ ಆಸೆ ಹುಟ್ಟಿದವರು ಮೊದಲು ಬೆಟ್ಟ ಹುಡುಕುತ್ತಾರೆ. ನನ್ನನ್ನು ಕೇಳಿದರೆ ಎತ್ತರಕ್ಕಿಂತ ದಿಕ್ಕು ಮುಖ್ಯ.

ಊರಿನಿಂದ ದಕ್ಷಿಣಕ್ಕೆ, ಹೆದ್ದಾರಿಯಿಂದ ಸಾಕಷ್ಟು ದೂರ ಸರಿದು ನಿಲ್ಲಿ. ಬೀದಿದೀಪಗಳ ಮಬ್ಬು ಬೆನ್ನ ಹಿಂದೆ ಉಳಿಯುತ್ತದೆ, ದಕ್ಷಿಣದ ದಿಗಂತ ಕಪ್ಪಗೆ ತೆರೆದುಕೊಳ್ಳುತ್ತದೆ. ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿರುವ ನಮಗೆ ಅದೇ ದೊಡ್ಡ ಆಸ್ತಿ. ಫೆಬ್ರವರಿಯ ರಾತ್ರಿ ಅಗಸ್ತ್ಯ ನಕ್ಷತ್ರ ಥಳಥಳಿಸುತ್ತದೆ. ಮೇ ನಡುವಿನಲ್ಲಿ ರಾತ್ರಿ 9ರ ಹೊತ್ತಿಗೆ, ಮೋಡವಿಲ್ಲದಿದ್ದರೆ, ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಲಂಡನ್ನಿನವರು ಎಷ್ಟು ದುಡ್ಡಿನ ದೂರದರ್ಶಕ ಕೊಂಡರೂ ತಮ್ಮ ಮನೆಯಂಗಳದಿಂದ ಇವೆರಡನ್ನೂ ಕಾಣಲಾರರು!

ಊರ ಪಕ್ಕದ ಜೋಗಿಮಟ್ಟಿ ಬೆಟ್ಟ ಆಗದೇ? ಅದು ವನ್ಯಜೀವಿಧಾಮ, ಕತ್ತಲಾದ ಮೇಲೆ ನುಗ್ಗುವ ಜಾಗವಲ್ಲ. ಪರಿಚಯದ ರೈತರ ಹೊಲವೇ ವಾಸಿ. ಮೊದಲೇ ಹೇಳಿ ಹೋಗಿ, ಇಲ್ಲವಾದರೆ ಪಂಪ್‌ಸೆಟ್ ಕಳ್ಳರೆಂದುಕೊಂಡಾರು.

ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ. 2022ರಲ್ಲಿ ಕತ್ತಲಾಕಾಶದ ರಕ್ಷಿತ ತಾಣವೆಂದು ಘೋಷಣೆಯಾದ ಲಡಾಖಿನ ಹಾನ್ಲೆಯಂಥ ಆಕಾಶ ಇಲ್ಲಿ ಸಿಗದು, ನಿಜ. ಆದರೆ ಮಾರ್ಚಿನ ಬೆಳಗಿನ ಜಾವ 4 ಗಂಟೆಗೆ ವೃಶ್ಚಿಕದ ಬಾಲದ ಬಳಿ ಹುಡುಕಿ, ಕ್ಷೀರಪಥ ಬರಿಗಣ್ಣಿಗೇ ಸಿಗುತ್ತದೆ. ಹಾವಿನ ಭಯವಿರುವುದರಿಂದ ಬೂಟು ಮಾತ್ರ ಮರೆಯಬೇಡಿ.